ಬಣ್ಣಕ್ಕೆ ಬೆಲೆ, ಸಿಹಿಗಿಲ್ಲ

ವೇಮಗಲ್ಲಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋದಂತೆ ಕಪ್ಪು ದ್ರಾಕ್ಷಿಯ ಚಪ್ಪರಗಳು ಎದುರಾಗುತ್ತವೆ. 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ಬ್ಲೂ ಈ ಸೀಮೆಯ ತಳಿ. ಒಂದೇ ಗೊಂಚಲಿನಲ್ಲಿ ಕಪ್ಪು ಹಣ್ಣಿನ ಪಕ್ಕದಲ್ಲೇ ಹಸಿರು ಕಾಯಿ ಉಳಿಯುವುದು ಅದರ ಹುಟ್ಟುಗುಣ. ವ್ಯಾಪಾರಿಗೆ ಇದು ಸಹ್ಯವಲ್ಲ. ಗೊಂಚಲು ಒಂದೇ ಸಮ ಕಪ್ಪಾಗಬೇಕು, ಅದೂ ಬೇಗ. ಹೀಗೆ ತೋಟಕ್ಕೆ ಎಥೆಫಾನ್ ಕಾಲಿಡುತ್ತದೆ, 'ಹಣ್ಣು ಮಾಡುವ ಔಷಧಿ'ಯ ಹೆಸರಿನಲ್ಲಿ.

ಆ ಹೆಸರೇ ತಪ್ಪು. ಎಥೆಫಾನ್ ಬಿಡುಗಡೆ ಮಾಡುವುದು ಎಥಿಲೀನನ್ನು. ಶ್ರೀನಿವಾಸಪುರದ ಮಾವಿಗೆ ಎಥಿಲೀನೇ ಯಜಮಾನ. ಬಲಿತ ಕಾಯನ್ನು ಕಿತ್ತು ಹುಲ್ಲಿನಲ್ಲಿಟ್ಟರೂ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ದ್ರಾಕ್ಷಿ ಆ ಕುಲದ್ದಲ್ಲ. ಅದರ ಸಕ್ಕರೆ ಬಳ್ಳಿಯ ಎಲೆಯಿಂದಲೇ ದಿನದಿನವೂ ಇಳಿದು ಬರಬೇಕು. ಕಿತ್ತ ಮೇಲೆ ಸಿಹಿ ಏರುವುದಿಲ್ಲ. ಬಣ್ಣ ತಿರುಗುವ ಹೊತ್ತಿಗೆ ಕಾಯಿಯಲ್ಲಿ ಆಕ್ಸಿನ್ ಇಳಿದು ಅಬ್ಸಿಸಿಕ್ ಆಮ್ಲ ಏರುತ್ತದೆ. ಮಾಗುವಿಕೆಯ ಮುಖ್ಯ ಸಂಕೇತ ಅದು; ಎಥಿಲೀನಿನದು ಕಿರಿಯ ಪಾತ್ರ.

ಸಿಪ್ಪೆಯ ಕಪ್ಪನ್ನು ಆಳುವ ವಂಶವಾಹಿ ಬೇರೆಯೇ ಇದೆ. ಅದರ ಮಗ್ಗುಲಿಗೆ ಜಿಗಿಯುವ ಡಿಎನ್‌ಎ ತುಣುಕೊಂದು ಬಂದು ಕುಳಿತದ್ದರಿಂದ ಬಿಳಿ ದ್ರಾಕ್ಷಿ ಹುಟ್ಟಿತೆಂದು ಜಪಾನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಬಿಳಿ ದ್ರಾಕ್ಷಿ ಕಪ್ಪಾಗದೆಯೇ ಸಿಹಿಯಾಗುತ್ತದೆ! ಬಣ್ಣವೂ ಸಿಹಿಯೂ ಅಗಲಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಸೆಕೆ ಹೆಚ್ಚಾದರೆ ಸಿಹಿ ತುಂಬಿದ ಕಪ್ಪು ತಳಿಯೂ ಪೇಲವವಾಗಿಯೇ ಉಳಿಯುವುದುಂಟು. ಎಥೆಫಾನ್ ಸಿಪ್ಪೆಗೆ ಬಣ್ಣ ಏರಿಸೀತು, ಎಲೆಯ ಕೆಲಸವನ್ನು ಮಾಡದು. ಪ್ರಮಾಣ ಮೀರಿದರೆ ಎಲೆಯನ್ನೇ ಉದುರಿಸುತ್ತದೆ.

ಬೆಳೆಗಾರನನ್ನು ದೂರುವುದು ಸುಲಭ, ಆದರೆ ಅನ್ಯಾಯ. ವರ್ಷವಿಡೀ ಹರಿಯುವ ನದಿಯೊಂದಿಲ್ಲದ ಜಿಲ್ಲೆಯಲ್ಲಿ ಅವನ ನೀರು ಕೊಳವೆಬಾವಿಯ ಆಳದಿಂದ ಬರಬೇಕು. ಇನ್ನು ಹತ್ತು ದಿನ ಕಾಯುವುದೆಂದರೆ ಹತ್ತು ದಿನದ ನೀರು, ಸಾಲದ ಬಡ್ಡಿ, ಆಲಿಕಲ್ಲು ಮಳೆಯ ಭಯ. ಕಾದವನಿಗೂ ಕಾಯದವನಿಗೂ ಒಂದೇ ದರ ಕೂಗುವ ಮಂಡಿ, ಕಾಯುವವನನ್ನು ಮೂರ್ಖನನ್ನಾಗಿಸಿದೆ. ವಂಶವಾಹಿ ತಿದ್ದಿದ, ಬೇಗ ಕಪ್ಪಾಗುವ ತಳಿ ನಾಳೆ ಬಂದರೂ ಈ ಲೆಕ್ಕ ಹೀಗೆಯೇ ಇರುತ್ತದೆ.

ಸಿಹಿಯನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಒಂದೆರಡು ಹನಿ ರಸ ಸಾಕು. ವೈನ್ ತಯಾರಕರು ದ್ರಾಕ್ಷಿಯ ಬ್ರಿಕ್ಸ್ ನೋಡದೆ ಮುಂದುವರಿಯುವುದಿಲ್ಲ. ಮಕ್ಕಳು ತಿನ್ನುವ ಹಣ್ಣಿಗೆ ಆ ಅಳತೆ ಏಕೆ ಬೇಡವಾಯಿತು? ಎಪಿಎಂಸಿಗಳು ಹರಾಜಿಗೆ ಮುನ್ನ ಈ ಅಂಕಿಯನ್ನು ಕೂಗಿಸಲಿ. ಅಷ್ಟು ಆಗದಿದ್ದರೆ, ಹಾಪ್‌ಕಾಮ್ಸ್ ನಡೆಸುತ್ತ ಬಂದಿರುವ ದ್ರಾಕ್ಷಿ ಮೇಳದಲ್ಲಾದರೂ ಪ್ರತಿ ರಾಶಿಯ ಮುಂದೆ ದರದ ಜೊತೆಗೆ ಬ್ರಿಕ್ಸ್ ಬರೆದಿಡಲಿ.