ಹಸು ಮಾರಿ ಮಾಳಿಗೆ ಹಾಕಿಸುವ ಮುನ್ನ

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

ಪಶುವೈದ್ಯರಿಗೆ ಮಾಳಿಗೆಯ ಮಾತು ಯಾಕೆ ಎನ್ನಬೇಡಿ. ತಂಬ್ರಹಳ್ಳಿ ಸುತ್ತಿನ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಂದು ಅಂಕಣ ದನಕ್ಕೆ, ಇನ್ನೊಂದು ಮನೆಮಂದಿಗೆ. ಮಾಳಿಗೆ ಕುಸಿದರೆ ಇಬ್ಬರ ಮೇಲೂ ಬೀಳುತ್ತದೆ. 2009ರ ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆ ಬಿದ್ದದ್ದನ್ನು ಹಿರಿಯರು ಮರೆತಿಲ್ಲ.

ಸೋರಿದ ಕೂಡಲೇ ಕೆಡವಬೇಕಿಲ್ಲ. ಹಾಗೆಂದು ವರ್ಷವರ್ಷವೂ ಮೇಲೆ ಮಣ್ಣು ಸುರಿಯುತ್ತಾ ಹೋಗುವುದೂ ದುರಸ್ತಿಯಲ್ಲ. ಲೆಕ್ಕ ನೋಡಿ: 10 ಅಡಿಗೆ 12 ಅಡಿ ಕೋಣೆಯ ಮೇಲೆ ಅರ್ಧ ಅಡಿ ಮಣ್ಣಿದ್ದರೆ ಒಣಗಿದ್ದಾಗಲೇ ಸುಮಾರು ಎರಡೂವರೆ ಟನ್ ಭಾರ. ನೆನೆದರೆ ಇನ್ನೂ ಹೆಚ್ಚು. ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆರೆದು ಇಳಿಸಿ. ನೀರು ಹರಿಯಲು ಇಳಿಜಾರು ಕೊಡಿ, ದೋಣಿ ಕಟ್ಟಿಕೊಳ್ಳದಂತೆ ನೋಡಿ.

ತೀರ್ಮಾನ ಹೇಳುವುದು ಮಣ್ಣಲ್ಲ, ತೊಲೆ. ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಜಾಗದಲ್ಲಿ ಕುಡುಗೋಲಿನ ಮೊನೆಯಿಂದ ಚುಚ್ಚಿ ನೋಡಿ. ಗಟ್ಟಿಯಿದ್ದರೆ ದುರಸ್ತಿ ಸಾಕು, ಕೆಟ್ಟ ಜಂತಿಯನ್ನಷ್ಟೇ ಬದಲಿಸಬಹುದು. ಮೊನೆ ಸಲೀಸಾಗಿ ಇಳಿದರೆ, ಗೆದ್ದಲು ತಿಂದು ಟೊಳ್ಳು ಸದ್ದು ಬಂದರೆ, ತೊಲೆ ಬಾಗಿ ಗೋಡೆ ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ಅಲ್ಲಿಯವರೆಗೆ ಅದರ ಕೆಳಗೆ ಮಲಗಬೇಡಿ, ದನ ಕಟ್ಟಬೇಡಿ.

ಈಗ ನನ್ನ ಮುಖ್ಯ ಮಾತು. ಆರ್‌ಸಿಸಿ ಹಾಕಿಸಲು ಕರೆಯುವ ಹಸುವನ್ನು ಮಾರಬೇಡಿ. ದಿನಕ್ಕೆ 8 ಲೀಟರ್ ಕೊಡುವ ಹಸು ಹೋದರೆ ತಿಂಗಳಿಗೆ 240 ಲೀಟರಿನ ಬಟವಾಡೆ ಹೋಯಿತು. ಲೀಟರಿಗೆ 5 ರೂಪಾಯಿ ಸರ್ಕಾರಿ ಪ್ರೋತ್ಸಾಹಧನವೇ 1,200 ರೂಪಾಯಿ. ಮೇಲಿನ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಮಾಳಿಗೆ ಗಂಡಸರ ಹೆಸರಿನಲ್ಲಿ, ಹಾಲಿನ ದುಡ್ಡು ನಿಮ್ಮ ಕೈಯಲ್ಲಿ. ಮನೆಯಲ್ಲಿ ಮಾತು ನಡೆಯುವಾಗ ಈ ಲೆಕ್ಕವನ್ನು ನೀವೇ ಮುಂದಿಡಿ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಜನ ಮಲಗುವ ಕೋಣೆಗೆ ಮೊದಲು ಗಟ್ಟಿ ಸೂರು ಮಾಡಿ. ದನಕ್ಕೆ ಹಿತ್ತಲಲ್ಲಿ ಬೇರೆ ಕೊಟ್ಟಿಗೆ ಸಾಕು. ಆದರೆ ತಗ್ಗು ತಗಡಿನ ಕೊಟ್ಟಿಗೆ ಬೇಡ. ಮಣ್ಣಿನ ಮಾಳಿಗೆಯ ತಂಪು ತಗಡಿಗಿಲ್ಲ. ಎಚ್‌ಎಫ್ ಮಿಶ್ರತಳಿ ಹಸುವಿಗೆ 25–26 ಡಿಗ್ರಿ ದಾಟಿದರೆ ಕಷ್ಟ ಶುರು, ನಮ್ಮ ಬೇಸಿಗೆ 40ರ ಹತ್ತಿರ. ಕಾದ ತಗಡಿನ ಕೆಳಗೆ ಹಸು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಬೆದೆ ಸರಿಯಾಗಿ ಕಾಣದೆ ಗಬ್ಬ ನಿಲ್ಲುವುದಿಲ್ಲ. ತಗಡೇ ಹಾಕುವುದಾದರೆ ತಗ್ಗಿನ ಅಂಚು 10 ಅಡಿ ಎತ್ತರವಿರಲಿ, ಪಕ್ಕಗಳು ತೆರೆದಿರಲಿ, ಮೇಲ್ಭಾಗಕ್ಕೆ ಸುಣ್ಣ ಬಳಿಯಿರಿ. ಹಳೆಯ ಸಿಮೆಂಟ್ ಶೀಟುಗಳನ್ನು ಒಡೆದು ಪುಡಿ ಮಾಡಬೇಡಿ; ಅದರಲ್ಲಿ ಕಲ್ನಾರು ಇರುತ್ತದೆ, ಧೂಳು ಶ್ವಾಸಕೋಶಕ್ಕೆ ಕೇಡು. ನೀರು ಚಿಮುಕಿಸಿ, ಇಡಿಯಾಗಿ ಇಳಿಸಿ.

ಮನೆಗೂ ಕೊಟ್ಟಿಗೆಗೂ ಯಾವ ಸರ್ಕಾರಿ ನೆರವು ಸಿಗುತ್ತದೆಂದು ಗ್ರಾಮ ಪಂಚಾಯಿತಿಯಲ್ಲಿ ಮೊದಲೇ ಕೇಳಿ. ಮಂಜೂರಾತಿ ಕೈಗೆ ಬರುವ ಮುನ್ನ ಕೆಲಸ ಶುರು ಮಾಡಬೇಡಿ.

ಮುಂಗಾರು ಬರುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ತೊಲೆ ನೋಡಿ. ಮಳೆ ಹಿಡಿದ ಮೇಲೆ ನೋಡಲು ಹೊರಟರೆ ನಿಧಾನವಾಗಿ ಯೋಚಿಸಲು ಸಮಯವಿರುವುದಿಲ್ಲ.