ಚಾಕರಿಗೆ ಕಾಯಕವೆಂಬ ಹೆಸರೇಕೆ?

ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ದೊಡ್ಡ ದೊಡ್ಡ ಕಂಪನಿಗಳ ಸಭೆ ಸಮಾರಂಭಗಳಲ್ಲಿ ‘ಕಾಯಕ’ವೆಂಬ ಮಾತು ಬಹಳ ಧಾರಾಳವಾಗಿ ಕೇಳಿಬರುತ್ತಿದೆ. ನಮ್ಮನ್ನೂ ಅಂತಹ ಒಂದೆರಡು ಸಮಾರಂಭಗಳಿಗೆ ಬರಮಾಡಿಕೊಂಡದ್ದುಂಟು. ದೀಪ ಬೆಳಗಿಸಿದ ಮೇಲೆ ಮುಖ್ಯಸ್ಥರಾದವರು ಎದ್ದು ನಿಂತು, ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನೇ ಪೂಜೆಯೆಂದು ಬಗೆದರು, ಆದುದರಿಂದ ನೀವೂ ಗಡಿಯಾರ ನೋಡದೆ ದುಡಿಯಿರಿ ಎಂದು ನೌಕರರಿಗೆ ಬೋಧಿಸುತ್ತಾರೆ. ಈ ‘ಆದುದರಿಂದ’ ಎಂಬ ಪದದಲ್ಲಿ ಅಡಗಿರುವ ಮೋಸವನ್ನು ಬಯಲಿಗೆಳೆಯುವುದೇ ಈ ಲೇಖನದ ಉದ್ದೇಶ. ವಾಚಕರಲ್ಲಿ ಹಲವರ ಮಕ್ಕಳು ಬೆಂಗಳೂರಿನಲ್ಲಿ ಇಂತಹ ನೌಕರಿಯಲ್ಲಿದ್ದಾರೆ. ಕೆಲವರು ಸ್ವತಃ ಕಂಪನಿಗಳ ಒಡೆಯರೂ ಆಗಿದ್ದಾರೆ. ಇಬ್ಬರೂ ಇದನ್ನು ಓದಬೇಕೆಂಬುದು ನಮ್ಮ ಅಪೇಕ್ಷೆ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಾದ ಶ್ರೀ ನಾರಾಯಣಮೂರ್ತಿಯವರು, ದೇಶ ಮುಂದುವರಿಯಬೇಕಾದರೆ ನಮ್ಮ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯ ಅಧ್ಯಕ್ಷರಾದ ಶ್ರೀ ಸುಬ್ರಹ್ಮಣ್ಯನ್ ಅವರ ಮಾತು ಹೊರಬಿತ್ತು. ಅವರ ಲೆಕ್ಕ 90 ಗಂಟೆ. ಭಾನುವಾರವೂ ನಿಮ್ಮಿಂದ ಕೆಲಸ ಮಾಡಿಸಲಾಗದಿರುವುದು ನನಗೆ ವಿಷಾದದ ಸಂಗತಿ ಎಂದದ್ದಲ್ಲದೆ, ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಅರ್ಥದ ಪ್ರಶ್ನೆಯನ್ನೂ ಹಾಕಿದರು. ಸಂಸಾರವಂದಿಗರಿಗೆ ಸಂಸಾರದ ಬಗ್ಗೆ ಈ ಬಗೆಯ ವೈರಾಗ್ಯೋಪದೇಶವನ್ನು ನಾವು ವಿರಕ್ತರು ಕೂಡ ಮಾಡುವುದಿಲ್ಲ!

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ವಾರಕ್ಕೆ ಐದು ದಿನದ ಕೆಲಸವೆಂದು ಹಿಡಿದರೆ 70 ಗಂಟೆಯೆಂದರೆ ದಿನಕ್ಕೆ 14 ಗಂಟೆ. ಸಿಲ್ಕ್ ಬೋರ್ಡ್ ಕೂಡುರಸ್ತೆಯನ್ನು ದಾಟಿ ಕಚೇರಿಗೆ ಹೋಗಿಬರುವವನಿಗೆ ಹಾದಿಯಲ್ಲಿ ಎರಡು ಗಂಟೆ ಸಾಲುವುದಿಲ್ಲ, ಸಾಕೆಂದೇ ತಿಳಿಯೋಣ. ಉಳಿದದ್ದು ಎಂಟು ಗಂಟೆ. ನಿದ್ರೆ, ಸ್ನಾನ, ಊಟ, ಮಕ್ಕಳ ಪಾಠ, ವೃದ್ಧ ತಂದೆತಾಯಿಗಳ ಔಷಧ, ಇಷ್ಟಲಿಂಗ ಪೂಜೆ, ಇವೆಲ್ಲ ಅದರಲ್ಲಿಯೇ ನಡೆಯಬೇಕು.

ಶ್ರೀ ಮೂರ್ತಿಯವರು 1981ರಲ್ಲಿ ಆರು ಮಂದಿ ಸಂಗಡಿಗರೊಡನೆ ಅಲ್ಪ ಬಂಡವಾಳದಿಂದ ಆರಂಭಿಸಿದ ಸಂಸ್ಥೆ ಲಕ್ಷಾಂತರ ಮಂದಿಗೆ ಅನ್ನವಿತ್ತಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅವರು ಹಗಲಿರುಳು ದುಡಿದರೆಂಬುದೂ ನಿಜ. ಆದರೆ ಅವರು ದುಡಿದ ಒಂದೊಂದು ಗಂಟೆಯ ಫಲವೂ ಷೇರುಗಳ ರೂಪದಲ್ಲಿ ಅವರ ಕೈಯಲ್ಲಿಯೇ ಉಳಿಯಿತು. ತಿಂಗಳ ಸಂಬಳದ ನೌಕರನ ಹೆಚ್ಚಿನ ಗಂಟೆಯ ಫಲ ಅವನಲ್ಲಿ ಉಳಿಯುವುದಿಲ್ಲ. ಒಡೆಯನು ತನ್ನ ಹೊಲದಲ್ಲಿ ಬೆಳದಿಂಗಳಲ್ಲಿಯೂ ಉತ್ತ ಕಥೆಯನ್ನು ಜೀತದಾಳಿಗೆ ಆದರ್ಶವಾಗಿ ಹೇಳಿದಂತಾಯಿತು ಇದು. ಇನ್ನು 90 ಗಂಟೆಯ ಮಾತನ್ನಾಡಿದ ಅಧ್ಯಕ್ಷರ 2023-24ರ ಒಂದು ವರ್ಷದ ಸಂಭಾವನೆ 51 ಕೋಟಿ ರೂಪಾಯಿ. ಅದೇ ಸಂಸ್ಥೆಯ ನೌಕರರ ಮಧ್ಯಮ ವೇತನದ 534 ಪಟ್ಟಿಗೂ ಹೆಚ್ಚು. ಇತ್ತ ಸಾಫ್ಟ್‌ವೇರ್ ಸೇವಾ ಕಂಪನಿಗಳಿಗೆ ಹೊಸದಾಗಿ ಸೇರುವ ಸಾಮಾನ್ಯ ಇಂಜಿನಿಯರಿಗೆ ವರ್ಷಕ್ಕೆ 3ರಿಂದ 4 ಲಕ್ಷ ರೂಪಾಯಿ. ಹತ್ತು ಹನ್ನೆರಡು ವರ್ಷಗಳ ಹಿಂದೆಯೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಅಂದಿನಿಂದ ಇಂದಿನವರೆಗೆ ಬೆಂಗಳೂರಿನ ಮನೆಬಾಡಿಗೆ ಎಷ್ಟೇರಿದೆಯೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿದ ಹುಡುಗರು ಜಾತ್ರೆಗೆ ಬಂದಾಗ ತಮ್ಮ ನೌಕರಿಯ ಸುಖದುಃಖಗಳನ್ನು ಹೇಳಿಕೊಳ್ಳುತ್ತಾರೆ. ಹಾವೇರಿ ಕಡೆಯ ಒಬ್ಬ ತರುಣನು ವಿವರಿಸಿದ್ದು ನಮ್ಮ ಕಣ್ಣು ತೆರೆಯಿಸಿತು. ವಿದೇಶದ ಗಿರಾಕಿಗೆ ನೌಕರನ ಗಂಟೆಗಳನ್ನು ಎಣಿಸಿ ಬಿಲ್ಲು ಕಳುಹಿಸುವುದು ಈ ವ್ಯವಹಾರದ ಪದ್ಧತಿ. ಅದಕ್ಕಾಗಿ ನೌಕರನು ಪ್ರತಿವಾರ ಟೈಮ್‌ಶೀಟ್ ಎಂಬ ಪಟ್ಟಿಯನ್ನು ತುಂಬಬೇಕು. ಈತ ದಿನಕ್ಕೆ ಹನ್ನೆರಡು ಗಂಟೆ ದುಡಿದರೂ ಪಟ್ಟಿಯಲ್ಲಿ ಒಂಬತ್ತನ್ನೇ ಬರೆಯಬೇಕೆಂದು ಮೇಲಿನವರ ಅಪ್ಪಣೆ. ಏಕೆಂದರೆ ಗಿರಾಕಿಯೊಡನೆ ಆದ ಕರಾರು ಅಷ್ಟಕ್ಕೇ. ಉಳಿದ ಮೂರು ಗಂಟೆ ಯಾವ ಪುಸ್ತಕದಲ್ಲಿಯೂ ಇಲ್ಲ! ಅಮೆರಿಕೆಯಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ಇವನ ಊಟದ ಹೊತ್ತು. ತಟ್ಟೆಯ ಮುಂದೆ ಕುಳಿತು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ‘ಕಾಲ್’ಗೆ ಉತ್ತರಿಸಬೇಕು. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ದೊರೆಯದಿದ್ದರೆ ಅವನನ್ನು ‘ಬೆಂಚಿ’ಗೆ ಹಾಕುತ್ತಾರೆ. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದು ತಪ್ಪು ಮಾಡಿದವನನ್ನು. ಇಲ್ಲಿ ಏನೂ ತಪ್ಪು ಮಾಡದವನನ್ನು. ಆ ದಿನಗಳು ಹೆಚ್ಚಾದಂತೆ ರಾಜೀನಾಮೆಯ ಮಾತು ಬರುತ್ತದೆ. ತೆಗೆದುಹಾಕಿದರೆಂದು ಹೇಳುವಂತಿಲ್ಲ, ತಾನಾಗಿಯೇ ಬಿಟ್ಟೆನೆಂದು ಬರೆದುಕೊಡಬೇಕು. ಬರೆದುಕೊಡದಿದ್ದರೆ ಅನುಭವದ ಪ್ರಮಾಣಪತ್ರ ದೊರೆಯದೆಂಬ ಹೆದರಿಕೆ. ತಾನು ಬಿಡಬೇಕೆಂದರೆ ಮಾತ್ರ ಮೂರು ತಿಂಗಳ ಮುಂಚಿತ ನೋಟೀಸು. ಈ ತರುಣನು ಹಣಕ್ಕಾಗಿ ಗೋಳಾಡಲಿಲ್ಲ. “ಬುದ್ಧೀ, ಹನ್ನೆರಡು ತಾಸು ಮಾಡಿದ್ದನ್ನ ಒಂಬತ್ತು ಅಂತ ನನ್ನ ಕೈಯಾಗ ಬರಸ್ತಾರಲ್ರಿ, ಅದು ಸುಳ್ಳಲ್ಲೇನ್ರಿ?” ಎಂದು ಕೇಳಿದ. ಕಾಯಕದ ಮಾತನ್ನಾಡುವ ಮುಖ್ಯಸ್ಥರು ಮೊದಲು ಈ ಪ್ರಶ್ನೆಗೆ ಉತ್ತರ ಕೊಡಲಿ. ಸತ್ಯವಿಲ್ಲದ ಲೆಕ್ಕದ ಮೇಲೆ ನಡೆಯುವ ಕೆಲಸವನ್ನು ಶರಣರ ಹೆಸರಿನಲ್ಲಿ ಹೊಗಳುವ ಅಧಿಕಾರ ಅವರಿಗಿಲ್ಲ.

ದುಡಿಮೆಯ ಹೊತ್ತಿಗೆ ಮಿತಿಯಿರಬೇಕೆಂಬುದು ಸೋಮಾರಿಗಳ ಹೊಸ ಬೇಡಿಕೆಯೆಂದು ತಿಳಿದವರು ಇತಿಹಾಸವನ್ನು ತಿರುವಿಹಾಕಬೇಕು. ಪರದೇಶೀಯರ ಆಳ್ವಿಕೆಯಲ್ಲಿಯೇ, 1911ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳ ಗಂಡಾಳುಗಳಿಗೆ ದಿನಕ್ಕೆ 12 ಗಂಟೆಯ ಮಿತಿಯನ್ನು ಹಾಕಿತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊಟ್ಟಮೊದಲ ಒಪ್ಪಂದದಲ್ಲಿಯೇ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಸಾರಿತು. ಭಾರತದ ಪಾಲಿಗೆ ಮಾತ್ರ ವಾರಕ್ಕೆ 60 ಎಂದು ಪ್ರತ್ಯೇಕವಾಗಿ ಬರೆದರು. 1922ರ ಕಾಯಿದೆ ಆ 60ನ್ನು ಜಾರಿಗೆ ತಂದಿತು. 1934ರಲ್ಲಿ ಅದು 54ಕ್ಕೆ ಇಳಿಯಿತು. ಡಾ. ಅಂಬೇಡ್ಕರ್ ಅವರು ವೈಸರಾಯರ ಕಾರ್ಯಕಾರಿ ಮಂಡಲಿಯ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ ಕೈಗೊಂಡ ತಿದ್ದುಪಡಿಯಿಂದ 1946ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 48 ಆಯಿತು. ಸ್ವತಂತ್ರ ಭಾರತ 1948ರ ಕಾಯಿದೆಯಲ್ಲಿ ಅದನ್ನೇ ಉಳಿಸಿಕೊಂಡು, ಮೀರಿದ ಹೊತ್ತಿಗೆ ಇಮ್ಮಡಿ ಕೂಲಿಯನ್ನು ವಿಧಿಸಿತು. ಹೀಗಿರುವಾಗ ಇಂದು 70 ಗಂಟೆಯ ಉಪದೇಶ ಮಾಡುವವರು ನಮ್ಮನ್ನು ಮುಂದಕ್ಕೆ ಒಯ್ಯುತ್ತಿದ್ದಾರೆಯೇ? ಬ್ರಿಟಿಷರು 1922ರಲ್ಲಿ ಹಾಕಿದ ಗೆರೆಯನ್ನೂ ದಾಟಿ ಹಿಂದಕ್ಕೆ ಎಳೆಯುತ್ತಿದ್ದಾರೆ.

ಇದು ಬರಿಯ ಮಾತಾಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿಯಿಟ್ಟಿದೆ. 2024ರ ಜುಲೈಯಲ್ಲಿ ಮಾಹಿತಿ ತಂತ್ರಜ್ಞಾನ ನೌಕರರ ಮಟ್ಟಿಗೆ ಇದನ್ನು ಓವರ್‌ಟೈಮ್ ಸೇರಿ ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಸರ್ಕಾರದ ಮುಂದೆ ಬಂದಿತು. ಇದು ಉದ್ಯಮದವರಿಂದಲೇ ಬಂದ ಬೇಡಿಕೆಯೆಂದು ಕಾರ್ಮಿಕ ಸಚಿವರು ಹೇಳಿದರು. ನೌಕರರ ಸಂಘ ಬೀದಿಗಿಳಿದ ಮೇಲೆ ಅದು ಹಿಂದೆ ಸರಿಯಿತು. ವರ್ಷ ತುಂಬುವುದರೊಳಗೆ, 2025ರ ಜೂನಿನಲ್ಲಿ, ದಿನಕ್ಕೆ 10, ಓವರ್‌ಟೈಮ್ ಸೇರಿ 12 ಎಂಬ ಇನ್ನೊಂದು ಪ್ರಸ್ತಾಪ. ಬಾಗಿಲು ಮುಚ್ಚಿದರೆ ಕಿಟಕಿ.

ಇದಕ್ಕಿಂತ ಹಳೆಯದಾದ ಒಂದು ರಿಯಾಯಿತಿಯ ಕಥೆಯಿದೆ. ರಜೆ, ಶಿಸ್ತುಕ್ರಮ, ವಜಾ ಮುಂತಾದ ಸೇವಾ ನಿಯಮಗಳನ್ನು ಬರೆದಿಟ್ಟು ಸರ್ಕಾರಿ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕೆಂದು 1946ರ ಸ್ಥಾಯೀ ಆದೇಶಗಳ ಕಾಯಿದೆ ಹೇಳುತ್ತಿತ್ತು. ಕರ್ನಾಟಕ ಸರ್ಕಾರ ಸಾಫ್ಟ್‌ವೇರ್ ಕಂಪನಿಗಳಿಗೆ 2014ರಲ್ಲಿ ಐದು ವರ್ಷ, 2019ರಲ್ಲಿ ಮತ್ತೆ ಐದು ವರ್ಷ, 2024ರಲ್ಲಿ ಇನ್ನೂ ಐದು ವರ್ಷ ಇದರಿಂದ ವಿನಾಯಿತಿ ನೀಡಿತು. ಎಳೆಯ ಸಸಿಗೆ ಬೇಲಿ ಬೇಕು, ಒಪ್ಪೋಣ. ಆಲದ ಮರವಾದ ಮೇಲೂ ಬೇಲಿಯೇ? 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಹಳೆಯ ಕಾಯಿದೆ ಲೀನವಾಯಿತು. ಸ್ಥಾಯೀ ಆದೇಶಗಳು ಈಗ 300 ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತವೆ. ವಿನಾಯಿತಿ ಕೇಳುವ ಚಟ ಮಾತ್ರ ಯಾವ ಸಂಹಿತೆಯಲ್ಲಿಯೂ ಲೀನವಾಗುವಂತೆ ತೋರುವುದಿಲ್ಲ.

ಬರೆದಿಟ್ಟ, ಎಲ್ಲರಿಗೂ ಒಂದೇ ಆದ ನಿಯಮ ಏಕೆ ಬೇಕು ಎಂಬುದಕ್ಕೆ ಮೈಸೂರಿನ ಸಂಗತಿಯನ್ನು ನೋಡಬಹುದು. 2022ರಲ್ಲಿ ಇನ್ಫೋಸಿಸ್‌ಗೆ ಆಯ್ಕೆಯಾದ ಪದವೀಧರರು ಸುಮಾರು ಎರಡು ವರ್ಷ ಕಾದು 2024ರ ಅಕ್ಟೋಬರಿನಲ್ಲಿ ತರಬೇತಿಗೆ ಸೇರಿದರು. 2025ರ ಫೆಬ್ರವರಿಯಲ್ಲಿ ಅಂಥವರಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಹೊರಗೆ ಕಳುಹಿಸಲಾಯಿತು. ಮೂರು ಸಲ ಪರೀಕ್ಷೆಗೆ ಅವಕಾಶವಿತ್ತೆವು, ಇದು ಕರಾರಿನಲ್ಲಿಯೇ ಇದೆ ಎಂಬುದು ಕಂಪನಿಯ ಸಮಜಾಯಿಷಿ. ಇರಬಹುದು. ಎರಡು ವರ್ಷ ಕಾಯಿಸಿದ್ದು ಯಾವ ಕರಾರಿನ ಎಷ್ಟನೆಯ ಕಲಮು?

ದೇಹದ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಹೊರಡಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆಗೆ ಮೇಲ್ಪಟ್ಟ ದುಡಿಮೆಯ ಕಾರಣದಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7,45,000 ಮಂದಿ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ ಸತ್ತರು. 2024ರಲ್ಲಿ ಪುಣೆಯ ಒಂದು ಬಹುರಾಷ್ಟ್ರೀಯ ಲೆಕ್ಕಪರಿಶೋಧನಾ ಕಂಪನಿಯಲ್ಲಿ, ಸೇರಿ ನಾಲ್ಕು ತಿಂಗಳಾಗಿದ್ದ ತರುಣಿ ತೀರಿಕೊಂಡಳು. ಕೆಲಸದ ಹೊರೆಯೇ ಕಾರಣವೆಂದು ತಾಯಿ ಮುಖ್ಯಸ್ಥರಿಗೆ ಪತ್ರ ಬರೆದಳು. ಕಂಪನಿ ಅದನ್ನು ಒಪ್ಪಲಿಲ್ಲ. ಆದರೆ ಬಳಿಕ ತಪಾಸಣೆಗೆ ಹೋದ ಕಾರ್ಮಿಕ ಇಲಾಖೆಗೆ, ಆ ಕಚೇರಿ 2007ರಿಂದ ಅಂಗಡಿ ಕಾಯಿದೆಯ ನೋಂದಣಿಯೇ ಇಲ್ಲದೆ ನಡೆಯುತ್ತಿದ್ದುದು ತಿಳಿದುಬಂತು. ಹದಿನೇಳು ವರ್ಷ! ಬೀದಿಯ ಚಹದಂಗಡಿಯವನಿಗೆ ಹದಿನೇಳು ದಿನ ಇಂತಹ ಸಲುಗೆ ದೊರೆಯುತ್ತಿತ್ತೇ?

ರೈತನು ಗಂಟೆ ಎಣಿಸುತ್ತಾನೆಯೇ ಎಂದು ಕೆಲವರು ಕೇಳುವುದುಂಟು. ಎಣಿಸುವುದಿಲ್ಲ, ಹೊಲ ಅವನದು, ಬಿತ್ತುವ ಹದ ಅವನು ನೋಡಿದ್ದು, ಸುಗ್ಗಿಯ ಮೇಲೆ ಕಟ್ಟೆಯ ಮೇಲೆ ಕೂರುವ ದಿನಗಳೂ ಅವನವೇ. ಬೇಡವಾದರೆ ಬಿಟ್ಟುಹೋಗಲಿ ಎನ್ನುವವರೂ ಇದ್ದಾರೆ. ತಂದೆ ಹೊಲ ಒತ್ತೆಯಿಟ್ಟು ಓದಿಸಿದ ಹುಡುಗ, ಮನೆಸಾಲದ ಕಂತು ತಲೆಯ ಮೇಲಿರುವಾಗ, ಎಲ್ಲಿಗೆ ಹೋದಾನು?

ಕಾಯಕದ ಮಾತಿಗೆ ಬರೋಣ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಅಟ್ಟಿದಳು. ಇಂದಿನ ಕಂಪನಿಯಲ್ಲಿ ಆಕೆಯಿದ್ದಿದ್ದರೆ ವರ್ಷದ ಮೌಲ್ಯಮಾಪನದಲ್ಲಿ ಆಕೆಗೆ ಕಡೆಯ ದರ್ಜೆಯೇ ಗತಿ! ಕಾಯಕಕ್ಕೆ ಮೂರು ಲಕ್ಷಣಗಳುಂಟು. ಮಾಡುವವನು ಸ್ವತಂತ್ರನಾಗಿ ಒಪ್ಪಿ ಮಾಡಬೇಕು. ಅದರ ಫಲ ಅವನ ಜೀವನಕ್ಕೂ ದಾಸೋಹಕ್ಕೂ ಸಲ್ಲಬೇಕು. ಅದರಲ್ಲಿ ಮೇಲುಕೀಳು ಇರಕೂಡದು. ಹೆದರಿಕೆಯಿಂದ ಮಾಡಿಸಿಕೊಂಡ, ಲೆಕ್ಕಕ್ಕೆ ಬಾರದ, 534 ಪಟ್ಟು ಅಂತರದ ದುಡಿಮೆಯಲ್ಲಿ ಈ ಮೂರರಲ್ಲಿ ಯಾವುದಿದೆ? ಅದಕ್ಕೆ ಕನ್ನಡದಲ್ಲಿ ಬೇರೆ ಪದವಿದೆ: ಬಿಟ್ಟಿ ಚಾಕರಿ.

ನಮ್ಮ ಸಮಾಜದವರಿಗೂ ಒಂದು ಖಾರವಾದ ಮಾತು. ನಮ್ಮವರು ನಡೆಸುವ ಇಂಜಿನಿಯರಿಂಗ್ ಕಾಲೇಜುಗಳು ಎಷ್ಟು ಹುಡುಗರಿಗೆ ಕೆಲಸ ಸಿಕ್ಕಿತೆಂದು ಪತ್ರಿಕೆಯಲ್ಲಿ ಅರ್ಧ ಪುಟ ಜಾಹೀರಾತು ಹಾಕುತ್ತವೆ. ಅವರಲ್ಲಿ ಎಷ್ಟು ಮಂದಿ ಮೂರು ವರ್ಷ ನಿಂತರೆಂದು ಹಾಕುವುದಿಲ್ಲ. ತಂದೆತಾಯಿಗಳು ಸಂಬಳದ ಅಂಕಿಯನ್ನು ಮದುವೆಯ ಮಾತುಕತೆಯಲ್ಲಿ ಉಚ್ಚರಿಸುತ್ತಾರೆ. ಮಗ ರಾತ್ರಿ ಎಷ್ಟು ಹೊತ್ತಿಗೆ ಮಲಗಿದನೆಂದು ಕೇಳುವುದಿಲ್ಲ. ಸಂಘ ಎಂದೊಡನೆ ಮೂಗು ಮುರಿಯುವ ಬುದ್ಧಿಯನ್ನೂ ಬಿಡಬೇಕು. 14 ಗಂಟೆಯ ಪ್ರಸ್ತಾಪದ ಎದುರು ನಿಂತವರು ನಾವಲ್ಲ, ನೀವಲ್ಲ, ಆ ಸಂಘದ ಹುಡುಗ ಹುಡುಗಿಯರು.

ಸರ್ಕಾರದಿಂದ ನಾವು ದೊಡ್ಡದೇನನ್ನೂ ಬೇಡುತ್ತಿಲ್ಲ. ಫ್ರಾನ್ಸ್ ದೇಶದಲ್ಲಿ 2017ರಿಂದ, ಆಸ್ಟ್ರೇಲಿಯದಲ್ಲಿ 2024ರಿಂದ, ಕೆಲಸದ ಹೊತ್ತು ಮೀರಿದ ಮೇಲೆ ಬಂದ ಕರೆಗೆ ಓಗೊಡದಿರುವ ಹಕ್ಕು ಕಾನೂನಿನಲ್ಲಿದೆ. ಅದು ಇಲ್ಲಿಗೆ ಬರಲು ಕಾಲ ಹಿಡಿದೀತು. ಒಂದು ಕೆಲಸವನ್ನು ನಾಳೆಯೇ ಮಾಡಬಹುದು. ದೊಡ್ಡ ಕಂಪನಿಗಳ ಬಾಗಿಲುಗಳಲ್ಲಿ ನೌಕರನು ಕೊರಳಿನ ಕಾರ್ಡನ್ನು ತೋರಿಸದೆ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ. ನಿಮಿಷ ನಿಮಿಷದ ದಾಖಲೆ ಯಂತ್ರದಲ್ಲಿರುತ್ತದೆ. ಗಂಟೆಗಳನ್ನು ಹೆಚ್ಚಿಸುವ ಇನ್ನೊಂದು ಪ್ರಸ್ತಾಪವನ್ನಾಗಲಿ, ಹೊಸ ವಿನಾಯಿತಿಯನ್ನಾಗಲಿ ಕೈಗೆತ್ತಿಕೊಳ್ಳುವ ಮುನ್ನ ಕಾರ್ಮಿಕ ಇಲಾಖೆ ಆ ದಾಖಲೆಯನ್ನೂ ಗಿರಾಕಿಗೆ ಕಳುಹಿಸಿದ ಟೈಮ್‌ಶೀಟನ್ನೂ ತರಿಸಿಕೊಂಡು, ಪಕ್ಕಪಕ್ಕದಲ್ಲಿಟ್ಟು, ಅಂತರವೆಷ್ಟೆಂಬುದನ್ನು ಪ್ರಕಟಿಸಲಿ.