ರೈಲಿನಲ್ಲಿ ಸೈಕಲ್ಲಿಗೊಂದು ಜಾಗ

ರೈಲಿನಲ್ಲಿ ಪ್ರಯಾಣಿಸಿ, ಸೈಕಲ್ ತುಳಿಯಿರಿ ಎಂಬುದು ಪರಿಸರದ ವೇದಿಕೆಗಳಲ್ಲಿ ಹಳೆಯ ಉಪದೇಶ. ಎರಡೂ ಒಳ್ಳೆಯ ಮಾತುಗಳೇ. ಆದರೆ ಇವೆರಡನ್ನೂ ಒಟ್ಟಿಗೆ ಪಾಲಿಸಲು ಹೊರಟವನಿಗೆ ವ್ಯವಸ್ಥೆಯೇ ಹೆಜ್ಜೆಹೆಜ್ಜೆಗೂ ಅಡ್ಡ ನಿಲ್ಲುತ್ತದೆ.

ಮಲೆನಾಡಿನಲ್ಲಿ ರೈಲು ಊರಿನ ಬಾಗಿಲಿಗೆ ಬರುವುದಿಲ್ಲ. ತಾಳಗುಪ್ಪದಲ್ಲಿ ಹಳಿ ಮುಗಿದ ಮೇಲೂ ಜೋಗಕ್ಕೆ ಸುಮಾರು 15 ಕಿಲೋಮೀಟರ್ ಉಳಿದಿರುತ್ತದೆ. ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಕುಕ್ಕೆಗೆ ಹತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಬಸ್ಸಿನ ವೇಳೆ ಕೂಡಿಬರದಿದ್ದರೆ ಜೀಪೋ ಕಾರೋ ಹಿಡಿಯಬೇಕು. ಅದಕ್ಕಿಂತ ಬೆಂಗಳೂರಿನಿಂದಲೇ ಕಾರಿನಲ್ಲಿ ಹೊರಡುವುದು ಲೇಸೆಂದು ಹಲವರು ಬಗೆಯುತ್ತಾರೆ. ಕಾರು ಹೆಚ್ಚಿದಂತೆ ರಸ್ತೆ ಅಗಲವಾಗುತ್ತದೆ. ರಸ್ತೆಗಾಗಿ ಗುಡ್ಡದ ಬುಡ ಕಡಿಯಲಾಗುತ್ತದೆ. 2024ರ ಜುಲೈ ಮಳೆಯಲ್ಲಿ ಶಿರಾಡಿ ಘಾಟಿಯ ಹೆದ್ದಾರಿಯೂ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಹಳಿಯೂ ಭೂಕುಸಿತಕ್ಕೆ ಸಿಕ್ಕಿದ್ದವು. ಈ ಬೆಟ್ಟಗಳ ಸೈರಣೆಗೂ ಒಂದು ಮಿತಿಯುಂಟು. ಇರುವ ಹಳಿಯನ್ನೇ ಚೆನ್ನಾಗಿ ಬಳಸುವುದು ಆದ್ದರಿಂದಲೇ ವಿವೇಕ.

ಆದರೆ ಟಿಕೆಟ್ ಪಡೆಯುವುದೇ ಮೊದಲ ಘಾಟಿ. ದೂರದ ಗಾಡಿಯ ಆಸನಗಳು ಹಲವು ಕೋಟಾಗಳಲ್ಲಿ ಹಂಚಿಹೋಗಿರುತ್ತವೆ. ಹೊರಡುವ ನಿಲ್ದಾಣದಿಂದ ಕೊನೆಯ ನಿಲ್ದಾಣಕ್ಕೆ ಹೋಗುವವರಿಗೆ ದೊಡ್ಡ ಪಾಲು. ನಡುವಿನ ಸಣ್ಣ ಊರುಗಳಿಗೆ ಸಣ್ಣ ಪಾಲು. ಅವುಗಳ ವೇಟಿಂಗ್ ಲಿಸ್ಟೂ ಬೇರೆ, ಅದು ಖಚಿತವಾಗುವ ಸಂಭವವೂ ಕಡಿಮೆ. ಉಳಿದ ದಾರಿ ತತ್ಕಾಲ್. 2025ರ ಜುಲೈ 1ರಿಂದ ಅಂತರಜಾಲದಲ್ಲಿ ತತ್ಕಾಲ್ ಟಿಕೆಟ್ ಪಡೆಯಲು ಆಧಾರ್ ದೃಢೀಕರಣ ಕಡ್ಡಾಯವಾಯಿತು. ದಲ್ಲಾಳಿಗಳನ್ನು ತಡೆಯುವ ಉದ್ದೇಶ ಸರಿಯೇ. ಆದರೆ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾದ ಊರಿನವನಿಗೆ ಮೊಬೈಲಿಗೆ ಬರುವ ಆ ಗುಪ್ತಸಂಖ್ಯೆಗಾಗಿ ಕಾಯುವ ಒಂದೊಂದು ನಿಮಿಷವೂ ನಷ್ಟವೇ.

ಟಿಕೆಟ್ ಸಿಕ್ಕಿತೆಂದುಕೊಳ್ಳೋಣ, ಸೈಕಲ್ಲಿನ ಪಾಡೇನು? ಸ್ಲೀಪರ್ ದರ್ಜೆಯ ಪ್ರಯಾಣಿಕ 40 ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಬಹುದು. ಸಾಮಾನ್ಯ ಸೈಕಲ್ಲಿನ ತೂಕ ಸುಮಾರು 20 ಕಿಲೋ. ಆದರೂ ಸೈಕಲ್ಲಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ನಿಯಮದ ಕಣ್ಣಿಗೆ ಅದೂ ಸ್ಕೂಟರೂ ಒಂದೇ. ಗಾಡಿ ಹೊರಡುವ ಅರ್ಧ ಗಂಟೆ ಮೊದಲೇ ಅದನ್ನು ಲಗೇಜ್ ಕಚೇರಿಗೆ ಒಪ್ಪಿಸಿ, ಶುಲ್ಕ ತೆತ್ತು, ಬ್ರೇಕ್ ವ್ಯಾನಿಗೆ ಏರಿಸಬೇಕು. ಬ್ರೇಕ್ ವ್ಯಾನಿನಲ್ಲಿ ಜಾಗ ಉಳಿದಿದೆಯೇ ಎಂಬುದು ಮನೆಯಲ್ಲಿ ಕುಳಿತು ಆಸನ ಕಾದಿರಿಸಿದವನಿಗೆ ತಿಳಿಯುವುದಿಲ್ಲ. ಎರಡು ನಿಮಿಷ ನಿಲ್ಲುವ ನಿಲ್ದಾಣದಲ್ಲಿ ಇಳಿಯುವವನು ತನ್ನ ಡಬ್ಬಿಯಿಂದ ಬ್ರೇಕ್ ವ್ಯಾನಿನವರೆಗೆ ಓಡಬೇಕು. ಟಿಕೆಟ್ಟಿನ ಜೊತೆ ಲಗೇಜಾಗಿ ಕಳಿಸದೆ ಪಾರ್ಸೆಲ್ ಮಾಡಿದರೆ ಸೈಕಲ್ ಅದೇ ಗಾಡಿಯಲ್ಲಿ ಬರುತ್ತದೆಂಬ ಭರವಸೆಯೂ ಇಲ್ಲ.

ಜನರಿಗೇ ಜಾಗವಿಲ್ಲದಿರುವಾಗ ಸೈಕಲ್ಲಿಗೆಲ್ಲಿಯದು ಎಂಬ ಆಕ್ಷೇಪ ಬರುವುದು ಸಹಜ. ಆದರೆ ಇಲ್ಲಿ ಯಾರ ಆಸನವನ್ನೂ ಕಸಿಯಬೇಕಿಲ್ಲ. ಬ್ರೇಕ್ ವ್ಯಾನಿನ ಒಂದು ಮೂಲೆ ಸಾಕು. ಯುರೋಪಿಯನ್ ಒಕ್ಕೂಟ 2021ರಲ್ಲಿ ಅಂಗೀಕರಿಸಿದ ರೈಲು ಪ್ರಯಾಣಿಕರ ಹಕ್ಕುಗಳ ನಿಯಮದ ಪ್ರಕಾರ, 2025ರ ಜೂನ್‌ನಿಂದ ಹೊಸದಾಗಿ ಕೊಳ್ಳುವ ಅಥವಾ ದೊಡ್ಡ ಪ್ರಮಾಣದಲ್ಲಿ ನವೀಕರಿಸುವ ಗಾಡಿಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ನಾಲ್ಕು ಸೈಕಲ್ಲುಗಳಿಗೆ ಜಾಗವಿರಬೇಕು. ಜರ್ಮನಿಯ ಐಸಿಇ 4 ವೇಗದ ಗಾಡಿಯಲ್ಲಿ ಎಂಟು ಸೈಕಲ್ಲುಗಳಿಗೆ ಸ್ಥಳವಿದೆ. ಅದನ್ನು ಮೊದಲೇ ಕಾದಿರಿಸಬೇಕು. ಬೇಸಿಗೆಯಲ್ಲಿ ಆ ಸ್ಥಳಗಳು ಬೇಗ ತುಂಬಿ ಅಲ್ಲಿನವರೂ ಗೊಣಗುವುದುಂಟು. ಆದರೆ ಇಲ್ಲವೆಂಬುದಾದರೂ ಅವರಿಗೆ ಹೊರಡುವ ಮುನ್ನವೇ ತಿಳಿಯುತ್ತದೆ.

ಮಲೆನಾಡಿಗೆ ಬೇಕಾದುದು ದೊಡ್ಡ ಯೋಜನೆಯಲ್ಲ. ಆಸನ ಕಾದಿರಿಸುವಾಗಲೇ ಸೈಕಲ್ಲಿನ ಜಾಗವನ್ನೂ ಕಾದಿರಿಸುವಂತಾಗಲಿ. ಈ ಭಾಗದ ಗಾಡಿಗಳ ಬ್ರೇಕ್ ವ್ಯಾನಿನಲ್ಲಿ ನಾಲ್ಕು ಕೊಕ್ಕೆಗಳಿರಲಿ. ಉಚಿತ ತೂಕದ ಲೆಕ್ಕದಲ್ಲಿ ಸೈಕಲ್ಲೂ ಸೇರಲಿ. ನಡುವಿನ ನಿಲ್ದಾಣಗಳ ಕೋಟಾ ಹೆಚ್ಚಲಿ. ರೈಲ್ವೆ ವಿಭಾಗಗಳಲ್ಲಿ ಬಳಕೆದಾರರ ಸಲಹಾ ಸಮಿತಿಗಳಿವೆ. ಗ್ರಾಮ ಪಂಚಾಯಿತಿಗಳು ನಿರ್ಣಯ ಮಾಡಿ, ಕಾಲೇಜು ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿ, ಮೈಸೂರು ವಿಭಾಗದ ಸಮಿತಿಯ ಮುಂದೆ ಈ ಬೇಡಿಕೆಗಳನ್ನು ಇಡಬೇಕು. ಹೊಸ ಹಳಿ, ಹೊಸ ಹೆದ್ದಾರಿಗೆಂದು ಕಾಡಿನ ಮರಗಳಿಗೆ ಸಂಖ್ಯೆ ಬರೆಯುವ ಮೊದಲು, ಇರುವ ಗಾಡಿಯಲ್ಲಿ ನಾಲ್ಕು ಸೈಕಲ್ಲುಗಳಿಗೆ ಜಾಗ ಮಾಡಿಕೊಡಲು ಇರುವ ಅಡ್ಡಿಯೇನೆಂದು ಕೇಳುವ ಹಕ್ಕು ಈ ಬೆಟ್ಟದ ಜನರಿಗಿದೆ.